ಶೋಶಾಮ್ಮ ಟೀಚರ ಕೊನೆಯ ವರ್ಷದ ಪಾಠ

ನನ್ನ ತಂಗಿ ಶೋಶಾಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಳೆಂಬುದು ಬುಧವಾರ ಬೆಳಗ್ಗೆ ಇಗರ್ಜಿಯ ಮೆಟ್ಟಿಲ ಮೇಲೆ ನನಗೆ ತಿಳಿಯಿತು. ಒಳಗೆ ಹೋಗಿ ಮೊಣಕಾಲೂರಿದೆ. ಅವಳು ಹಿಂದೆಯೇ ಅಣ್ಣನಾದ ನನ್ನಿಂದ ಮಾತು ತೆಗೆದುಕೊಂಡಿದ್ದಳು: "ಅಚ್ಚಾಯಾ, ಮಣ್ಣು ಮಾಡೋದನ್ನ ಮಾರನೇ ದಿನಕ್ಕೆ ದಾಟಿಸ್ಬೇಡ. ಅಮ್ಮಚ್ಚಿ ಪಕ್ಕದಲ್ಲೇ ಜಾಗ ಕೊಡು." ಅಮ್ಮಚ್ಚಿ ಎಂದರೆ ನಮ್ಮ ತಾಯಿ.

ಎಲ್ಲೆಲ್ಲೂ ನೀರೇ ಇರುವ ನಮ್ಮ ಕುಟ್ಟನಾಡಿನಲ್ಲಿ ಸತ್ತವರೂ ದೋಣಿಯಲ್ಲೇ ಹೋಗಬೇಕು. ಸ್ಮಶಾನ ಆಚೆ ದಡದಲ್ಲಿದೆ. ದಾರಿಯಲ್ಲಿ ಒಂದು ಗಿಡ್ಡ ಸೇತುವೆ. ಸಂಜೆಯ ಉಬ್ಬರಕ್ಕೆ ನೀರು ಏರಿತೆಂದರೆ ದೋಣಿ ಅದರಡಿ ನುಸುಳದು.

ಶೋಶಾಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಕೊನೆಯ ವರ್ಷದವರಿಗೆ ಮಾತ್ರ ಪಠ್ಯದಲ್ಲಿಲ್ಲದ ಕೆಲವು ಪಾಠಗಳಿದ್ದವು: ನೆಪ ಹೇಳದೆ ತಪ್ಪೊಪ್ಪುವುದು, ತಿಳಿಯದ್ದನ್ನು ತಿಳಿಯದು ಎನ್ನುವುದು, ಮಾತು ಮುಗಿಸದ ಹಿರಿಯರನ್ನು ನೋಯಿಸದೆ ನಿಲ್ಲಿಸುವುದು. "ಡಿಗ್ರಿ ಹೇಗೂ ಸಿಗುತ್ತೆ ಮಕ್ಕಳೇ. ಈ ಕೊನೇದು ಬರದಿದ್ರೆ ಯಾವ ಮೀಟಿಂಗಿನಿಂದಲೂ ಜೀವಂತ ಹೊರಗೆ ಬರಲ್ಲ" ಎನ್ನುತ್ತಿದ್ದಳು.

ಆ ಬುಧವಾರ ಮಧ್ಯಾಹ್ನವೇ ಶವಪೆಟ್ಟಿಗೆಯನ್ನು ಮನೆಯ ಅಂಗಳದಲ್ಲಿಟ್ಟೆವು. ವಿದ್ಯಾರ್ಥಿಗಳೂ ಬಂದರು. ಪ್ರಾರ್ಥನೆ ಮುಗಿಯಿತೋ ಇಲ್ಲವೋ, ಪಂಚಾಯತಿಯ ಮಾಜಿ ಅಧ್ಯಕ್ಷ ಪೋತ್ತನ್ ಮುದಲಾಳಿ ಮೈಕು ಹಿಡಿದರು. ನಮ್ಮ ಅಜ್ಜನಿಂದ ಶುರುಮಾಡಿ, ತಾವು ಹಾಕಿಸಿದ ರಸ್ತೆಗೆ ಬಂದು, ಅಲ್ಲೇ ಬಿಡಾರ ಹೂಡಿದರು.

"ನೀರು ಏರ್ತಾ ಇದೆ!" ಎಂದು ದೋಣಿ ಕಡವಿನಿಂದ ಅಂಬಿಗನ ಕೂಗು ಕೇಳಿತು. ನನ್ನ ತಂಗಿಗಾಗಿ ಕಣ್ಣೀರಿಡುತ್ತ ಮಾತಾಡುತ್ತಿರುವ ಮುದಲಾಳಿಗೆ ಸಾಕು ಎನ್ನುವುದು ಹೇಗೆ?

ಆ ವಿದ್ಯಾರ್ಥಿಗಳಲ್ಲಿ ಅನ್ಸಿಲ ಎಂಬ ಹುಡುಗಿ ನನ್ನ ಕಿವಿಯ ಬಳಿ ಬಗ್ಗಿದಳು. "ಅಪ್ಪಚ್ಚಾ, ನಿಲ್ಸೋದಾ?"

"ಇದು ಸಾವಿನ ಮನೆ, ಮಗಳೇ. ಅವಮಾನ ಮಾಡಬಾರದು."

"ಅವಮಾನ ಮಾಡಿದ್ರೆ ಟೀಚರ್ ಎದ್ದು ಬಂದು ನನ್ನ ಫೇಲ್ ಮಾಡ್ತಾರೆ."

ಮೊದಲು ಅವಳ ಗೆಳೆಯ ಜಿಬಿನ್ ಮುದಲಾಳಿಯ ಮಾತು ನಿಲ್ಲಲೆಂದು ಹಾಲಿಲ್ಲದ ಕಟ್ಟನ್ ಚಹಾ ಕೊಟ್ಟ. ಮುದಲಾಳಿ ಅದನ್ನು ಒಂದೇ ಗುಟುಕಿಗೆ ಕುಡಿದು ಹೊಸ ಹುರುಪಿನಿಂದ ತಾವು ಕಟ್ಟಿಸಿದ ಶಾಲೆಯ ಕಥೆಗೆ ಕೈಹಾಕಿದರು. ಆಮೇಲೆ ಮೈಕು ಯಾಕೋ ಸತ್ತಿತು. "ನನ್ನ ಗಂಟಲಿಗೆ ಮೈಕ್ಯಾಕೋ!" ಎಂದು ಅವರು ಗುಡುಗಿದ್ದಕ್ಕೆ ಬಾತುಕೋಳಿಗಳು ನೀರಿಗೆ ಬಿದ್ದವು.

ಅನ್ಸಿಲ ತಲೆಯ ಮೇಲೆ ಶಾಲು ಎಳೆದುಕೊಂಡು ಮುಂದೆ ಹೋದಳು. "ಮುದಲಾಳೀ, ಪೆಟ್ಟಿಗೆ ಮುಂದಿನ ತುದಿಗೆ ಹೆಗಲು ಕೊಡೋರು ಬೇಕು. ಪೇಪರಿನ ಫೋಟೋದವರು ಅಲ್ಲೇ ನಿಂತಿದಾರೆ. ಚಾಂಡಿಚ್ಚನ್ ಆಗಲೇ ಮುಂಡು ಎತ್ತಿ ಕಟ್ಟಿದಾರೆ."

ಚಾಂಡಿಚ್ಚನ್ ಎಂದರೆ ಎದುರು ಪಕ್ಷದವನು. ಪಾಪ, ಅವನು ಮುಂಡು ಪಂಚೆ ಎತ್ತಿದ್ದು ಕೆಸರು ದಾಟಲಿಕ್ಕೆ.

"ಅವನಾ? ಬಾಳೆದಿಂಡಿನಂಥ ಬೆನ್ನು ಇಟ್ಕೊಂಡು? ಸರಿಯೋ ಆಚೆ!" ಮುದಲಾಳಿ ವಾಕ್ಯವನ್ನು ನಡುವಿನಲ್ಲೇ ಬಿಟ್ಟು ಓಡಿದರು. ಅವರು ಹೆಗಲು ಕೊಟ್ಟ ವೇಗಕ್ಕೆ ಹಿಂದಿನವರು ಓಡಬೇಕಾಯಿತು. ಪಾದ್ರಿಯವರಂತೂ ನಿಲುವಂಗಿ ಎತ್ತಿಕೊಂಡು ಬಂದರು.

ಪೆಟ್ಟಿಗೆಯನ್ನು ದೋಣಿಗೇರಿಸಿ ಹೊರಟೆವು. ಸೇತುವೆ ಹತ್ತಿರವಾದಾಗ ಮುದಲಾಳಿ ಗಂಟಲು ಸರಿಮಾಡಿಕೊಂಡರು. "ನಾನು ಏನು ಹೇಳ್ತಿದ್ದೆ ಅಂದ್ರೆ..."

"ತಲೆ ಬಗ್ಗಿಸಿ, ಇಲ್ಲದಿದ್ರೆ ಹಾರಿಹೋಗುತ್ತೆ!" ಎಂದ ಅಂಬಿಗ.

ಎಲ್ಲರೂ ಬಗ್ಗಿದೆವು. ಸೇತುವೆಯ ಹೊಟ್ಟೆ ನಮ್ಮ ಬೆನ್ನ ಮೇಲೇ ಹಾದಂತಾಯಿತು. ಪೆಟ್ಟಿಗೆಯ ಮೇಲಿನ ಹೂಗಳಷ್ಟೇ ಸವರಿ ಉದುರಿದವು. ಸಂಜೆಯ ಬೆಳಕಿರುವಾಗಲೇ ಅವಳನ್ನು ಅಮ್ಮಚ್ಚಿಯ ಪಕ್ಕದಲ್ಲಿ ಮಲಗಿಸಿ, ಹಿಡಿ ಮಣ್ಣು ಹಾಕಿದೆ. ಅಳು ಆಗ ಬಂತು.

ಕರ್ತನೇ, ನಿನ್ನ ಮಗಳನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ಅವಳ ತಪ್ಪುಗಳನ್ನು ಮನ್ನಿಸು, ದಣಿದ ಅವಳ ಕಣ್ಣುಗಳಿಗೆ ನಿನ್ನ ಬೆಳಕನ್ನು ಕೊಡು. ಅವಳ ಆತ್ಮ ನಿನ್ನಲ್ಲಿ ಶಾಂತಿಯಿಂದಿರಲಿ. ಆಮೆನ್.