ದೀಪ ಹಚ್ಚಿದ ಮೇಲೆ ಉಪ್ಪು

“ಮುದುಕಿ ಉಪ್ಪು ಕೊಡ್ತಾ ಇಲ್ಲ. ಇದು ಹದಿನೇಳನೇ ದೂರು, ವಿಭಾ,” ಎನ್ನುತ್ತ ಪ್ರತೀಕ್ ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದ. “ಆಡಿ ನೋಡಿದವರೆಲ್ಲ ಅಲ್ಲೇ ಸಿಕ್ಕಿಬೀಳ್ತಾರೆ. ಸಾಕು ಮಾರಾಯ್ತಿ, ರಾತ್ರಿಯನ್ನೇ ತೆಗೆದುಬಿಡುವ. ಊಟದ ಹೊತ್ತಿನೊಳಗೆ ತೀರ್ಮಾನ ಆಗ್ಬೇಕು.”

ಮಣಿಪಾಲದ ಆ ಪುಟ್ಟ ಕಚೇರಿಯಲ್ಲಿ ಐದು ಜನ ಸೇರಿ ಎರಡು ವರ್ಷದಿಂದ ಕಟ್ಟುತ್ತಿದ್ದ ವಿಡಿಯೊ ಗೇಮ್ ಅದು. ಆಡುವವನು ಮೀನುಗಾರನಾಗಿ ಕಡಲತೀರದ ಹಳ್ಳಿಯಲ್ಲಿ ಮನೆಮನೆ ಅಲೆದು, ದೋಣಿಗೆ ಬೇಕಾದ ಬಲೆ, ಹಗ್ಗ, ಮೀನಿಗೆ ಹಾಕುವ ಉಪ್ಪು ಎಲ್ಲ ಕೂಡಿಸಬೇಕು. ಅಲ್ಲಿ ಸೂರ್ಯ ಹುಟ್ಟುತ್ತಿದ್ದ, ಮುಳುಗುತ್ತಿದ್ದ. ಕತ್ತಲಾದರೆ ಜನ ಬಾಗಿಲು ಹಾಕುತ್ತಿದ್ದರು. ಆ ಕತ್ತಲೆ ಪೂರ್ತಿ ವಿಭಾಳ ಕೈಕೆಲಸ. ಕಾಪುವಿನ ದೀಪಸ್ತಂಭದ ಬೆಳಕು ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಂದು ಮರಳಿನ ಮೇಲೆ ಕುಳಿತು ಎಣಿಸಿ ಬಂದವಳು ಅವಳು. ಈಗ ಅದನ್ನು ಕಸದ ಬುಟ್ಟಿಗೆ ಹಾಕುವುದೆಂದರೆ!

“ಅದು ನಮ್ಮ ತಪ್ಪಲ್ಲ. ದೀಪ ಹಚ್ಚಿದ ಮೇಲೆ ಯಾರಾದ್ರೂ ಉಪ್ಪು ಕೊಡ್ತಾರಾ? ಉದ್ಯಾವರದಲ್ಲಿ ನನ್ನ ಅಜ್ಜಿ ಜೀವ ಹೋದರೂ ಕೊಡ್ತಿರಲಿಲ್ಲ. ಬೆಳಗಾಗುವ ತನಕ ಕಾಯಲಿ.”

“ಗೇಮ್ ಆಡುವವ ಯಾಕೆ ಕಾಯ್ಬೇಕು? ಅವನಿಗೆ ಬೇರೆ ಎಂತ ಕೆಲಸ ಇಲ್ವಾ?”

ತಂಡದ ಮುಖ್ಯಸ್ಥ ಪ್ರತೀಕ್ ಕೆಟ್ಟವನೇನಲ್ಲ. ಆದರೆ ಇಡ್ಲಿ ಬೇಯುವ ಮೊದಲೇ ಮುಚ್ಚಳ ತೆಗೆಯುವ ಪೈಕಿ.

“ಬರೇ ಹಗಲಿದ್ದರೆ ಅದು ಊರಾ? ನೀವು ಒಮ್ಮೆಯಾದರೂ ಆಡಿದ್ದೀರಾ? ದೂರು ಮಾತ್ರ ಓದಿದ್ದೀರಿ. ಆಡಿ. ಆಮೇಲೂ ಬೇಡ ಅನ್ನಿಸಿದರೆ ನನ್ನ ಕೈಯಾರೆ ಅಳಿಸ್ತೇನೆ.”

ವಿಭಾ ಆಡಿದ ಮಾತು ನುಂಗುವವಳಲ್ಲ. ಕುರ್ಚಿ ಎಳೆದು ಕೊಟ್ಟಳು.

ಮುದುಕಿಯ ಜಗಲಿಗೆ ಬರುವಷ್ಟರಲ್ಲಿ ಪರದೆಯ ಮೇಲೆ ಕತ್ತಲಾಗಿತ್ತು. ಪ್ರತೀಕ್ ‘ಉಪ್ಪು ಉಂಟಾ ಅಜ್ಜಿ?’ ಎಂಬ ಸಾಲನ್ನು ಒತ್ತಿದ. ‘ದೀಪ ಹಚ್ಚಿ ಆಯ್ತು ಮಗಾ, ನಾಳೆ ಬಾ’ ಎಂಬ ಉತ್ತರ ಮೂಡಿತು. ಮತ್ತೆ ಒತ್ತಿದ, ಅದೇ ಉತ್ತರ. ಮೂರನೇ ಸಲಕ್ಕೆ ಅವನ ಮುಖ ಕೆಂಪಾಯಿತು.

“ಎಂತ ಹಟಮಾರಿ ಇವಳು! ಕಾರ್ಕಳದಲ್ಲಿ ನಮ್ಮ ದೊಡ್ಡಮ್ಮ ಕತ್ತಲಾದ ಮೇಲೂ ಕೊಡ್ತಿದ್ರು.”

“ಸುಳ್ಳು!”

“ಸುಳ್ಳೆಂತಕ್ಕೆ? ಉಪ್ಪು ಅಂತ ಬಾಯಿಬಿಟ್ಟರೆ ಬೈಗುಳ. ‘ಸ್ವಲ್ಪ ರುಚಿ ಕೊಡಿ’ ಅಂತ ಕೇಳ್ಬೇಕು. ರಾತ್ರಿ ಅದರ ಹೆಸರೇ ಬೇರೆ. ಅಷ್ಟೂ ಗೊತ್ತಿಲ್ವಾ ನಿನಗೆ?”

ಹೇಳಿ ಮುಗಿಸಿದವನು ಪರದೆಯ ಮೇಲಿನ ಮುದುಕಿಯನ್ನು ಮತ್ತೊಮ್ಮೆ ನೋಡಿದ. ವಿಭಾಳಿಗೆ ನಗು ಬಂತು, ನಾಚಿಕೆಯೂ ಆಯಿತು. ಎರಡು ವರ್ಷ ರಾತ್ರಿಗಾಗಿ ಗುದ್ದಾಡಿದವಳಿಗೆ ರಾತ್ರಿಯ ಮಾತೇ ತಿಳಿದಿರಲಿಲ್ಲ! ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, ಕತ್ತಲಾದ ಮೇಲೆ ಮಾತ್ರ ಕಾಣುವಂತೆ ‘ಸ್ವಲ್ಪ ರುಚಿ ಕೊಡಿ ಅಜ್ಜಿ’ ಎಂಬ ಹೊಸ ಸಾಲೊಂದನ್ನು ಸೇರಿಸಿದಳು.

“ಈಗ ಕೇಳಿ ನೋಡಿ.”

ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಪರದೆಗೆ ಹೊಡೆಯುತ್ತಿತ್ತು; ಮುದುಕಿಯ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಚಿತ್ರ ಬಿಡಿಸುವ ರೂಪೇಶ್ ಬಾಗಿಲಲ್ಲಿ ಇಣುಕಿ, “ಊಟಕ್ಕೆ ಬರುವುದಿಲ್ವಾ?” ಎಂದ.

“ನೀವು ಹೋಗಿ,” ಎಂದ ಪ್ರತೀಕ್. ಎದ್ದು ಹೋಗಿ ಕಿಟಕಿಯ ಕರ್ಟನ್ ಪೂರ್ತಿ ಎಳೆದು, ಮತ್ತೆ ಮುದುಕಿಯ ಎದುರು ಬಂದು ಕುಳಿತ.