ಸುಣ್ಣದ ಗೂಡಿನ ನಾಲ್ಕು ನಿಮಿಷ

ಆ ಡಿಪೋದಲ್ಲಿ ವರ್ಷಕ್ಕೆ ಎರಡು ಸಲ ಬಸ್ಸುಗಳ ವೇಳಾಪಟ್ಟಿ ಬದಲಾಗುತ್ತಿತ್ತು, ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ. ಬದಲಾಯಿಸುವ ಕೆಲಸ ಮಹಡಿಯ ಮೂಲೆ ಕೋಣೆಯಲ್ಲಿ ಕೂರುವ ಒಬ್ಬ ಹೆಂಗಸಿನದು. ಡ್ರೈವರುಗಳು ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಟೈಮಕ್ಕ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಇದಕ್ಕಿಂತ ಕೆಟ್ಟ ಹೆಸರು ಇಡಬಹುದಿತ್ತಲ್ಲ ಎಂದು ಸುಮ್ಮನಿದ್ದಳು.

ಕೋಣೆಯ ಒಂದು ಗೋಡೆಯ ತುಂಬ ಚೌಕಳಿ ಹಾಳೆ. ಮೇಲೆ ಉದ್ದಕ್ಕೆ ಗಂಟೆಗಳು, ಬದಿಯಲ್ಲಿ ಸ್ಟಾಪುಗಳು, ನಡುವೆ ಒಂದೊಂದು ಬಸ್ಸಿಗೆ ಒಂದೊಂದು ಪೆನ್ಸಿಲ್ ಗೆರೆ. ಬಸ್ಸು ಓಡುತ್ತಿದ್ದರೆ ಗೆರೆ ಓರೆಯಾಗಿ ಇಳಿಯುತ್ತದೆ, ನಿಂತರೆ ಅಡ್ಡಕ್ಕೆ ಮಲಗುತ್ತದೆ. ಟೈಮಕ್ಕನಿಗೆ ಮಲಗಿದ ಗೆರೆ ಕಂಡರೆ ಆಗುತ್ತಿರಲಿಲ್ಲ.

ಆ ಸಲ ಚಳಿಗಾಲದ ಪಟ್ಟಿ ಮಾಡಲು ಕೂತಾಗ ಬೆಳಗ್ಗೆ ಆರೂ ನಲವತ್ತರ ಬಸ್ಸಿನ ಗೆರೆಯಲ್ಲಿ ಅಂಥದೊಂದು ತುಂಡು ಅವಳ ಕಣ್ಣಿಗೆ ಬಿತ್ತು. ಸುಣ್ಣದ ಗೂಡು ಎಂಬ ಸ್ಟಾಪಿನಲ್ಲಿ ನಾಲ್ಕು ನಿಮಿಷ. ಸುಣ್ಣ ಸುಡುವುದು ನಿಂತು ಎಷ್ಟೋ ವರ್ಷವಾಗಿತ್ತು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಟಿಕೆಟ್ ಮೆಷಿನ್ನಿನ ಲೆಕ್ಕದಲ್ಲಿ ಒಬ್ಬರೂ ಹತ್ತಿದ ದಾಖಲೆಯಿಲ್ಲ. ಹಳೆಯ ಕಡತ ತೆರೆದರೆ ಕಾರಣದ ಕಾಲಮ್ಮಿನಲ್ಲಿ ಒಂದೇ ಪದವಿತ್ತು: ಮಂಜು. ಬರೆದವರು ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಮುದುಕರು. ನಿಮಿಷ ನಿಮಿಷಕ್ಕೂ ಜಗಳವಾಡುತ್ತಿದ್ದರೆಂದು ಡಿಪೋದವರು ಅವರನ್ನು ನಿಮಿಷಪ್ಪ ಎನ್ನುತ್ತಿದ್ದರು.

'ಮಂಜೇನು ಅಲ್ಲೊಂದೇ ಕಡೆ ಬೀಳತ್ತಾ?' ಎಂದು ಟೈಮಕ್ಕ ತನ್ನಷ್ಟಕ್ಕೆ ನಕ್ಕಳು. ಆ ನಾಲ್ಕು ನಿಮಿಷ ಕೈಗೆ ಬಂದರೆ ಅದೇ ಬಸ್ಸು ಎಂಟಕ್ಕೆ ವಾಪಸಾಗಿ ಆಸ್ಪತ್ರೆಯ ದಾರಿಗೆ ಹೊರಡಬಹುದಿತ್ತು. ಇಲ್ಲವಾದರೆ ಆಸ್ಪತ್ರೆಗೆ ಬೇರೆ ಬಸ್ಸು ಬೇಕು, ಬೇರೆ ಬಸ್ಸು ಡಿಪೋದಲ್ಲಿಲ್ಲ. ರಬ್ಬರ್ ತೆಗೆದುಕೊಂಡು ಆ ತುಂಡನ್ನು ಉಜ್ಜಿದಳು. ಬರೀ ಹೊತ್ತನ್ನಲ್ಲ, ಸ್ಟಾಪನ್ನೇ ಪಟ್ಟಿಯಿಂದ ತೆಗೆದುಹಾಕಿದಳು. ಮ್ಯಾನೇಜರ್ ಕಣ್ಣಾಡಿಸಿ ಸಹಿ ಹಾಕಿದರು.

ಆ ಬಸ್ಸಿನಲ್ಲೇ ಅವಳ ತಂಗಿಯೂ ದಿನಾ ಹೋಗುತ್ತಿದ್ದಳು. ತಂಗಿ ಆ ದಾರಿಯ ಕೊನೆಯ ಶಾಲೆಯಲ್ಲಿ ಟೀಚರ್. ಅಕ್ಕತಂಗಿಯರು ಒಬ್ಬ ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ತಂಗಿಗೆ ಮಾತು ಬೇಕು. ಅಕ್ಕ ಮಾತ್ರ ಪಟ್ಟಿಗಳನ್ನು ಮನೆಗೂ ಹೊತ್ತುಕೊಂಡು ಬಂದು ಊಟದ ತಟ್ಟೆಯ ಪಕ್ಕದಲ್ಲೇ ಹರಡಿಕೊಳ್ಳುತ್ತಿದ್ದಳು. ತಂಗಿ ಹತ್ತು ಮಾತು ಹೇಳಿದರೆ ಅಕ್ಕನಿಂದ ಬರುತ್ತಿದ್ದುದು ಒಂದು 'ಹೂಂ'.

ಹೊಸ ಪಟ್ಟಿ ಸೋಮವಾರ ಜಾರಿಗೆ ಬಂತು. ಮಂಜು ಹತ್ತಿ ಹಿಂಜಿ ಎಸೆದ ಹಾಗೆ ರಸ್ತೆಯ ಮೇಲೆಲ್ಲ ಬಿದ್ದಿತ್ತು. ಆರೂ ನಲವತ್ತರ ಬಸ್ಸು ನಾಲ್ಕು ನಿಮಿಷ ತಡವಾಗಿ ಹಿಂದಿರುಗಿತು. ಮೊದಲ ದಿನವಲ್ಲವೇ ಎಂದು ಟೈಮಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಮಂಗಳವಾರವೂ ನಾಲ್ಕು. ಬುಧವಾರವೂ ನಾಲ್ಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗುರುವಾರ ಅವಳು ಡ್ರೈವರನ್ನು ಕರೆಸಿದಳು. ಅವನಿಗೆ ದೊಡ್ಡ ಮೀಸೆಯಿತ್ತು, ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಕಂಡಕ್ಟರ್ ಇಲ್ಲದ ಆ ಬಸ್ಸಿನಲ್ಲಿ ಟಿಕೆಟ್ ಕೊಡುವವನೂ ಅವನೇ.

"ಸುಣ್ಣದ ಗೂಡಲ್ಲಿ ಯಾಕ್ರೀ ನಿಲ್ಲಿಸ್ತೀರಿ?"

"ನಿಲ್ಲಿಸಿಲ್ಲ ಮೇಡಂ. ನೀವು ತೆಗೆದ್ರಲ್ಲ."

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಬಸ್ಸಿನಲ್ಲಿದ್ದ ಯಂತ್ರ ತಾನು ಎಲ್ಲಿ ಎಷ್ಟು ಹೊತ್ತು ನಿಂತೆ ಎಂದು ಬರೆದಿಟ್ಟಿತ್ತು. ಸುಣ್ಣದ ಗೂಡು, ಆರೂ ಐವತ್ತೆಂಟರಿಂದ ಏಳೂ ಎರಡರವರೆಗೆ. ಬಾಗಿಲು ತೆರೆದಿದೆ.

ಮೀಸೆ ಬಹಳ ಹೊತ್ತು ನೋಡಿದ. "ನನ್ನ ಮಕ್ಕಳಾಣೆ ಮೇಡಂ, ಬ್ರೇಕ್ ಮೇಲೆ ಕಾಲಿಟ್ಟಿಲ್ಲ. ಬಸ್ಸಲ್ಲಿದ್ದವರನ್ನ ಕೇಳಿ ಬೇಕಾದ್ರೆ."

ಅವಳು ಕೇಳಿದಳು. ದಿನಾ ಹೋಗುವ ಇಬ್ಬರು ನರ್ಸುಗಳು, ಒಬ್ಬ ಬಡಗಿ, ಎಲ್ಲರದೂ ಒಂದೇ ಮಾತು. ಬಸ್ಸು ಎಲ್ಲೂ ನಿಂತಿಲ್ಲ, ಸೀದಾ ಬಂತು, ಆದರೆ ಇಳಿದಾಗ ಗಡಿಯಾರ ಮುಂದೆ ಹೋಗಿತ್ತು. ಯಂತ್ರ ಕೆಟ್ಟಿರಬೇಕೆಂದು ಬಿಚ್ಚಿಸಿ ಬೇರೆಯದನ್ನು ಹಾಕಿಸಿದಳು. ಹೊಸ ಯಂತ್ರವೂ ಅದನ್ನೇ ಬರೆಯಿತು.

ಮುಂದಿನ ಬುಧವಾರ ಸಂಜೆ ತಂಗಿ ಎಂದಿನಂತೆ ಏನೋ ಹೇಳುತ್ತಿದ್ದಳು, ಅಕ್ಕ ಎಂದಿನಂತೆ ಹೂಂಗುಟ್ಟುತ್ತಿದ್ದಳು. ಅಷ್ಟರಲ್ಲಿ ಒಂದು ಮಾತು ಅವಳ ಕಿವಿಯನ್ನು ಹಿಡಿದು ನಿಲ್ಲಿಸಿತು.

"ಏನಂದೆ?"

"ಅದೇ, ಸುಣ್ಣದ ಗೂಡಲ್ಲಿ ಹತ್ತೋ ಅಮ್ಮ. ಹೋದ ಸೋಮವಾರದಿಂದ ಹೇಳ್ತಾನೇ ಇದೀನಲ್ಲ ಅಕ್ಕ. ನನ್ನ ಪಕ್ಕನೇ ಕೂರ್ತಾರೆ. ಸೀರೆಗೆಲ್ಲ ಸುಣ್ಣದ ಧೂಳು. ಪಾಪ, ದಿನಾ ಓಡಿ ಬಂದಿರ್ತಾರೆ."

"ಅಲ್ಲಿ ಬಸ್ಸು ನಿಲ್ಲಲ್ಲ ಕಣೇ."

"ನಿಲ್ಲತ್ತೆ. ನಿನ್ನ ಹಾಳೇಲಿ ನಿಲ್ಲದೇ ಇರಬಹುದು."

"ಎಲ್ಲಿ ಇಳೀತಾರೆ ಅವರು?"

ತಂಗಿ ಯೋಚಿಸಿದಳು. "ನಾನು ಇಳಿಯೋದಕ್ಕಿಂತ ಮುಂಚೆನೇ ಇಳಿದಿರ್ತಾರೆ. ಎಲ್ಲಿ ಅಂತ ಗೊತ್ತಾಗಲ್ಲ, ಮಂಜಲ್ವಾ. ಶುಕ್ರವಾರ ಗೊತ್ತಾಗತ್ತೆ. ಅವತ್ತು ಮನೆಗೆ ಕರೆದಿದ್ದಾರೆ. ಶಾಲೆಗೆ ರಜೆ ಹಾಕಿದೀನಿ, ಅವರ ಜೊತೆ ಇಳಿದು ಹೋಗಿ ಬರ್ತೀನಿ."

ಟೈಮಕ್ಕನ ಕೈಯಲ್ಲಿದ್ದ ತುತ್ತು ತಟ್ಟೆಗೇ ವಾಪಸು ಹೋಯಿತು.

ಮರುದಿನ ಬೆಳಗಿನಿಂದ ಹಾಳೆಯ ಮುಂದೆ ಕೂತರೂ ಒಂದು ಗೆರೆ ಎಳೆಯಲಾಗಲಿಲ್ಲ. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ನಿಮಿಷಪ್ಪನ ಮನೆ ಹುಡುಕಿಕೊಂಡು ಹೋದಳು. ಸೊಸೆ ಬಾಗಿಲು ತೆಗೆದು ಹಿತ್ತಲಿಗೆ ಕಳಿಸಿದಳು. ಮುದುಕರು ಬಿಸಿಲಲ್ಲಿ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದರು. ಅವಳು ಸುಣ್ಣದ ಗೂಡು ಎನ್ನುತ್ತಿದ್ದಂತೆ ಅವರ ಕೈ ನಿಂತಿತು.

"ತೆಗೆದ್ಯಾ?" ಎಂದರು.

"ಹೌದು ಸರ್."

"ಎಷ್ಟು ದಿನ ಆಯ್ತು?"

"ಇವತ್ತಿಗೆ ಹನ್ನೊಂದು."

ಅವರು ಮಡಿಸಿದ್ದ ಅಂಗಿಯನ್ನು ಮತ್ತೆ ಬಿಡಿಸಿ ಮತ್ತೆ ಮಡಿಸಿದರು. ಆಮೇಲೆ ನಿಧಾನವಾಗಿ ಹೇಳಿದರು.

"ಆ ಗೂಡಲ್ಲಿ ರಾತ್ರಿ ಪಾಳಿ ಮಾಡೋ ಒಬ್ಬಳು ಹೆಂಗಸಿದ್ದಳು. ಬೆಳಗ್ಗೆ ಈ ಬಸ್ಸು ಹಿಡಿದು ಮನೆಗೆ ಹೋಗೋಳು. ಮೊದಲೆಲ್ಲ ಬಸ್ಸು ಅಲ್ಲಿ ಅವಳ ಥರದವರಿಗೆ ಒಂದಿಷ್ಟು ಹೊತ್ತು ಕಾಯ್ತಿತ್ತು. ಒಂದು ಚಳಿಗಾಲ ನಾನೂ ನಿನ್ನ ಹಾಗೇ ಲೆಕ್ಕ ಹಾಕಿ ನಾಲ್ಕು ನಿಮಿಷ ಕತ್ತರಿಸಿದೆ. ಮೊದಲನೇ ದಿನ ಮಂಜು. ಡ್ರೈವರಿಗೆ ಅವಳು ಕಾಣಲಿಲ್ಲ, ಹೊತ್ತಿಗೆ ಸರಿಯಾಗಿ ಹೊರಟುಬಿಟ್ಟ. ಅವಳು ಕೈ ಎತ್ತಿಕೊಂಡು ರಸ್ತೆ ನಡುವೆನೇ ಹಿಂದೆ ಓಡಿದಳು. ಅವಳ ಹಿಂದೆ ಸುಣ್ಣದ ಲಾರಿ ಬರ್ತಿತ್ತು."

ಅವರು ಅಂಗಿಯನ್ನು ಪಕ್ಕಕ್ಕಿಟ್ಟು ಮುಂದುವರಿಸಿದರು.

"ಆಮೇಲೆ ಬಸ್ಸು ದಿನಾ ನಾಲ್ಕು ನಿಮಿಷ ತಡ. ನಾನು ಡ್ರೈವರನ್ನ ಬೈದೆ, ಬದಲಾಯಿಸಿದೆ. ಅಷ್ಟರಲ್ಲಿ ಒಬ್ಬ ಕಂಪೌಂಡರ್, ದಿನಾ ಆ ಬಸ್ಸಲ್ಲಿ ಹೋಗೋನು, ಯಾರೋ ಪಾಪದವಳು ಮನೆಗೆ ಕರೆದಿದ್ದಾಳೆ ಅಂದ್ಕೊಂಡು ದಾರೀಲಿ ಇಳಿದುಬಿಟ್ಟ. ಮೂರು ದಿನ ಬಿಟ್ಟು ಬಂದ. ಮೈಮೇಲೆ ಒಂದು ಗಾಯ ಇಲ್ಲ. ಆದರೆ ಅವತ್ತಿಂದ ಬೆಳಗಾದರೆ ಚೀಲ ತೊಡೆ ಮೇಲಿಟ್ಕೊಂಡು ಬಾಗಿಲಲ್ಲಿ ಕೂರ್ತಿದ್ದ. ಬಸ್ಸು ಹೋಯ್ತಾ, ಬಸ್ಸು ಹೋಯ್ತಾ ಅಂತ ಹೋಗಿಬರೋರನ್ನೆಲ್ಲ ಕೇಳೋನು. ಬೇರೆ ಮಾತು ಸಾಯೋವರೆಗೂ ಆಡಲಿಲ್ಲ."

"ಬೇಸಿಗೆ ಪಟ್ಟೀಲಿ ಈ ನಾಲ್ಕು ನಿಮಿಷ ಯಾಕೆ ಇಲ್ಲ?"

"ಬೇಸಿಗೇಲಿ ಅವಳಿಗೆ ದೂರದಿಂದಲೇ ಬಸ್ಸು ಕಾಣತ್ತಲ್ಲಮ್ಮ" ಎಂದರು ಅವರು, ಇದೇನು ಕೇಳುತ್ತೀಯೆಂಬಂತೆ. "ಕಾದರೆ ಹತ್ತಿ, ತನ್ನ ಪಾಡಿಗೆ ತಾನು ಇಳಿದು ಹೋಗ್ತಾಳೆ. ಕಾಯದೆ ಹೋದರೆ ಒಬ್ಬಳೇ ಹೋಗೋಕೆ ಭಯವೋ ಏನೋ, ಜೊತೆಗೆ ಯಾರನ್ನಾದರೂ ಕರೀತಾಳೆ. ಇದನ್ನ ಕಡತದಲ್ಲಿ ಬರೆದರೆ ಯಾವ ಅಧಿಕಾರಿ ಸಹಿ ಹಾಕ್ತಾನೆ ಹೇಳು. ಅದಕ್ಕೇ ನಾಲ್ಕು ನಿಮಿಷ ವಾಪಸು ಹಾಕಿ ಮಂಜು ಅಂತ ಬರೆದೆ."

ಅವಳು ಡಿಪೋಗೆ ಮರಳಿದಾಗ ಮ್ಯಾನೇಜರ್ ಹೊರಟು ಹೋಗಿದ್ದರು. ಪಟ್ಟಿ ಬದಲಾಯಿಸಲು ಅವರ ಸಹಿ ಬೇಕು. ಕೆಲಸಕ್ಕೆ ಸೇರಿದ ಮೇಲೆ ಒಂದೇ ಒಂದು ಗೆರೆಯನ್ನೂ ಅವಳು ಸಹಿಯಿಲ್ಲದೆ ಎಳೆದವಳಲ್ಲ. ಅವತ್ತು ಒಂದು ಚೀಟಿ ಬರೆದು, ಸುಣ್ಣದ ಗೂಡಿನಲ್ಲಿ ನಾಲ್ಕು ನಿಮಿಷ ಕಾಯತಕ್ಕದ್ದು ಎಂದು ತನ್ನ ಸಹಿಯನ್ನೇ ಗೀಚಿ ಮೀಸೆಯ ಕೈಗಿಟ್ಟಳು. ಆಸ್ಪತ್ರೆಗೆ ಫೋನ್ ಮಾಡಿ ನಾಳೆಯಿಂದ ಬಸ್ಸು ನಾಲ್ಕು ನಿಮಿಷ ತಡವೆಂದು ಹೇಳಿ, ಅಲ್ಲಿನ ಮುಖ್ಯ ನರ್ಸಿನ ಬಾಯಲ್ಲಿ ಬೈಸಿಕೊಂಡಳು. ಮನೆಗೆ ಹೋಗಿ ತಂಗಿಗೆ, "ನಾಳೆ ಹೋಗಬೇಡ" ಎಂದಳು.

"ಮಾತು ಕೊಟ್ಟಿದೀನಿ ಅಕ್ಕ" ಎಂದಳು ತಂಗಿ, ಆ ಮಾತನ್ನು ಅಲ್ಲಿಗೇ ಮುಗಿಸಿದಳು.

ಶುಕ್ರವಾರ ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿದರು. ತಂಗಿ ಎಡಗಡೆಯ ಮೂರನೇ ಸೀಟಿನಲ್ಲಿ ಈಚೆ ತುದಿಗೆ ಕೂತು, ಕಿಟಕಿ ಪಕ್ಕದ ಜಾಗಕ್ಕೆ ಚೀಲ ಇಟ್ಟಳು. ಅಕ್ಕ ಕೂರಲು ಬಂದರೆ, "ಜನ ಬರ್ತಾರೆ" ಎಂದಳು. ಟೈಮಕ್ಕ ಎರಡು ಸಾಲು ಹಿಂದೆ ಹೋಗಿ ಕೂತಳು. ಊರು ದಾಟುತ್ತಿದ್ದಂತೆ ಕಿಟಕಿಗಳು ಬೆಳ್ಳಗಾದವು. ಬಸ್ಸಿನ ಮುಂದೀಪದ ಬೆಳಕು ಎರಡು ಮಾರು ಹೋಗಿ ಅಲ್ಲೇ ಕರಗುತ್ತಿತ್ತು.

ಆರೂ ಐವತ್ತೆಂಟಕ್ಕೆ ಮೀಸೆ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಎಂಜಿನ್ ಆರಿಸಿದ. ಯಾರೂ ಯಾಕೆಂದು ಕೇಳಲಿಲ್ಲ. ನರ್ಸುಗಳು ಮಾತು ನಿಲ್ಲಿಸಿದರು. ಮಂಜು ಮೆಟ್ಟಿಲಿನವರೆಗೂ ಬಂದು ನಿಂತಿತು. ಟೈಮಕ್ಕ ಕೈಗಡಿಯಾರ ನೋಡುತ್ತ ಕೂತಳು. ಒಂದು ನಿಮಿಷ. ಎರಡು. ಇಷ್ಟು ವರ್ಷ ನಿಮಿಷಗಳ ಜೊತೆ ಏಗಿದವಳಿಗೆ ಒಂದು ನಿಮಿಷ ಇಷ್ಟು ಉದ್ದವಿರುತ್ತದೆಂದು ಗೊತ್ತಿರಲಿಲ್ಲ. ಮೂರನೆಯದು ಮುಗಿಯುವಾಗ ಹೊರಗಿನ ಜಲ್ಲಿಯ ಮೇಲೆ ಹೆಜ್ಜೆ ಕೇಳಿಸಿತು. ಓಡುವ ಹೆಜ್ಜೆಯಲ್ಲ, ದಣಿದು ಮನೆಗೆ ಹೊರಟವರ ಸಾವಕಾಶದ ಹೆಜ್ಜೆ. ಬಸ್ಸಿನ ಮೆಟ್ಟಿಲು ಯಾರೋ ಕಾಲಿಟ್ಟಂತೆ ಒಂದಿಷ್ಟು ಕುಸಿದು ಮೇಲೆದ್ದಿತು. ಯಾರೂ ಕಾಣಲಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗಿನ ವಾಸನೆ ಸೀಟುಗಳ ನಡುವೆ ಹಾದು ಬಂತು.

ತಂಗಿ ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡಳು.

"ಇವತ್ತು ಓಡಲಿಲ್ವಾ?" ಎಂದು ಪಕ್ಕದ ಖಾಲಿ ಜಾಗಕ್ಕೆ ಮೆಲ್ಲಗೆ ಕೇಳಿದಳು. ತಲೆ ವಾಲಿಸಿ ಕೇಳಿಸಿಕೊಂಡಳು. ನಕ್ಕಳು. ನಾಲ್ಕು ನಿಮಿಷ ತುಂಬಿ ಬಸ್ಸು ಹೊರಟಿತು. ಹಿಂದೆ ಕೂತ ಅಕ್ಕನಿಗೆ ತಂಗಿಯ ಪಾಲಿನ ಮಾತಷ್ಟೇ ಕೇಳಿಸುತ್ತಿತ್ತು. ಮಕ್ಕಳ ಪರೀಕ್ಷೆಯ ಸುದ್ದಿ, ಕಾಲು ನೋವಿಗೆ ಏನು ಹಚ್ಚಬೇಕೆಂಬುದು. ಮಧ್ಯೆ ಮಧ್ಯೆ ಬಿಡುವು. ಆಮೇಲೆ ತಂಗಿ, "ಬೇಡ್ವಾ? ನಾನು ರಜೆ ಹಾಕಿಬಿಟ್ಟಿದ್ದೆ" ಎಂದಳು. ದನಿ ಸಣ್ಣದಾಯಿತು. "ಸರಿ. ಇನ್ನೊಂದು ದಿನ."

ಆಮೇಲೆ ಅವಳು ಹಿಂದೆ ತಿರುಗಿದಳು. "ಅಕ್ಕ, ನೀನು ಯಾರು ಅಂತ ಕೇಳ್ತಿದ್ದಾರೆ."

ಟೈಮಕ್ಕ ಎದುರಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು, "ಬಸ್ಸು ಬಿಡೋಳು ನಾನೇ ಅಮ್ಮ. ತಪ್ಪಾಯ್ತು. ಇನ್ನು ಮೇಲೆ ಕಾಯ್ತೀವಿ" ಎಂದಳು.

ತಂಗಿ ಆ ಕಡೆ ಕಿವಿಗೊಟ್ಟು ಕೂತಳು. ಏನು ಉತ್ತರ ಬಂತೆಂದು ಹೇಳಲಿಲ್ಲ. ಮುಂದೆ ಒಂದು ತಿರುವಿನಲ್ಲಿ, ಬಸ್ಸು ಓಡುತ್ತಿರುವಾಗಲೇ, ಯಾರಿಗೋ ದಾರಿ ಬಿಡುವಂತೆ ಕಾಲನ್ನು ಒಳಗೆಳೆದುಕೊಂಡಳು. ಅಷ್ಟೇ. ವಾಸನೆ ಹೋಯಿತು.

ಆ ದಿನ ಬಸ್ಸು ನಾಲ್ಕು ನಿಮಿಷ ಸೇರಿಸಿದ ಹೊಸ ಹೊತ್ತಿಗೆ ಸರಿಯಾಗಿ ವಾಪಸಾಯಿತು. ಮ್ಯಾನೇಜರ್ ಚೀಟಿ ನೋಡಿ, "ಇದೇನ್ರೀ, ನೀವೇ ತೆಗೆದಿದ್ದನ್ನ ನೀವೇ ಹಾಕಿದ್ರಿ?" ಎಂದರು. "ಮಂಜು ಸರ್" ಎಂದಳು. ಅವರು ಸಹಿ ಹಾಕಿದರು.

ಸಂಜೆ ಮನೆಯಲ್ಲಿ ಅವಳು ಪಟ್ಟಿಗಳನ್ನು ಬಿಚ್ಚಲಿಲ್ಲ. ತಂಗಿಯ ಎದುರಿಗೆ ಕೂತು, ಹೇಗೆ ಹೇಳುವುದೆಂದು ತಡವರಿಸಿ, ಕೊನೆಗೆ, "ಆ ಅಮ್ಮ ಬೇರೆ ಯಾರಿಗೂ ಕಾಣಲ್ಲ ಕಣೇ" ಎಂದಳು.

ತಂಗಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನನ್ನು ನಿಲ್ಲಿಸದೆ, "ಗೊತ್ತು" ಎಂದಳು. "ಮೂರನೇ ದಿನಕ್ಕೇ ಗೊತ್ತಾಯ್ತು. ಮಂಜಲ್ಲಿ ನಡೆದು ಬಂದೋರ ತಲೆ ಒದ್ದೆ ಆಗಬೇಕಲ್ವಾ. ಅವರದು ಒಣಗಿಯೇ ಇರೋದು."

"ಗೊತ್ತಿದ್ದೂ ಇಳಿದು ಹೋಗೋಕೆ ಒಪ್ಕೊಂಡ್ಯಾ?"

"ಕರೆದರು, ಒಪ್ಕೊಂಡೆ." ಒಂದು ಹಾಳೆ ತಿರುವಿದಳು. "ನಾನು ಮಾತಾಡಿದ್ದೆಲ್ಲ ಕೇಳಿಸ್ಕೊಳ್ತಿದ್ರು ಅಕ್ಕ."

ಕೆಳಗೆ ದರ್ಜಿಯ ಮೆಷಿನ್ ಓಡಿ ನಿಂತು ಮತ್ತೆ ಓಡಿತು. ಅಕ್ಕ ಎದ್ದು ಹೋಗಿ ತಂಗಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅರ್ಧ ಪತ್ರಿಕೆಗಳನ್ನು ತನ್ನ ಮುಂದೆ ತೆಗೆದುಕೊಂಡಳು. ಯಾವ ಹುಡುಗಿ ಹೀಗೆ ಬರೆದಿದ್ದಾಳೆ, ಯಾರ ಮನೆಯವಳು ಎಂದು ಕೇಳುತ್ತ ಹೋದಳು. ತಂಗಿ ಮೊದಲು ಅರೆಮನಸ್ಸಿನಿಂದ ಹೇಳಿದಳು, ಆಮೇಲೆ ಮಾತು ನಿಲ್ಲಲಿಲ್ಲ.

ಆ ಚಳಿಗಾಲವಿಡೀ ಟೈಮಕ್ಕ ಬೆಳಗ್ಗೆ ತಂಗಿಯ ಜೊತೆ ಆರೂ ನಲವತ್ತರ ಬಸ್ಸಿಗೆ ಹತ್ತುತ್ತಿದ್ದಳು. ಶಾಲೆಯವರೆಗೆ ಬಿಟ್ಟು, ಅದೇ ಬಸ್ಸಿನಲ್ಲಿ ವಾಪಸಾಗಿ ಕೆಲಸಕ್ಕೆ ಹೋಗುತ್ತಿದ್ದಳು. ಸುಣ್ಣದ ಗೂಡಿನವರೆಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಮಾತಾಡುತ್ತಿದ್ದರು. ಮೀಸೆ ಎಂಜಿನ್ ಆರಿಸುತ್ತಿದ್ದಂತೆ ಅವಳು ಎದ್ದು ಎರಡು ಸಾಲು ಹಿಂದೆ ಹೋಗಿ ಕೂರುತ್ತಿದ್ದಳು. ಅಲ್ಲಿಂದ ಶಾಲೆ ಬರುವವರೆಗೆ ತಂಗಿಯ ಬೆನ್ನಿನ ಮೇಲಿಂದ ಕಣ್ಣು ತೆಗೆಯುತ್ತಿರಲಿಲ್ಲ.