ಮಾನಸಿಯ ಮೊದಲ ಹಾಳೆ

ಸರಕಾರಿ ರೇಡಿಯೋದಲ್ಲಿ ಸಂಜೆಯ ಕನ್ನಡ ವಾರ್ತೆ ಓದುವವರು ನಾನು ಮತ್ತು ಮಾನಸಿ. ಚುನಾವಣೆ ಘೋಷಣೆಯಾದಂದಿನಿಂದ ಮೊದಲ ಹಾಳೆ ಅವಳಿಗೆ, ಕೊನೆಯ ಹಾಳೆ ನನಗೆ. ಮೊದಲನೆಯದರಲ್ಲಿ ಆಳುವ ಪಕ್ಷದ ಸಭೆ, ಭಾಷಣ, ಜೈಕಾರ. ಕೊನೆಯದರಲ್ಲಿ ವಿರೋಧ ಪಕ್ಷ, ಅದರ ಕೆಳಗೆ ವಾಶಿ ಮಾರ್ಕೆಟ್ಟಿನ ಈರುಳ್ಳಿ ದರ. ಮಾನಸಿ ಕಲ್ಲುಸಕ್ಕರೆ ಚೀಪುವವಳ ಹಾಗೆ ಎಳೆದೆಳೆದು ಓದುವಳು. ಅಷ್ಟರಲ್ಲಿ ಸಮಯ ಮುಗಿದು, ಸಂಪಾದಕರು ಗಾಜಿನಾಚೆಯಿಂದ ಸಾಕೆಂದು ಕೈ ಮಾಡುವರು. ನನ್ನ ಹಾಳೆ ನನ್ನ ಕೈಯಲ್ಲೇ ಉಳಿಯುವುದು.

ಹೊಟ್ಟೆ ಉರಿಯದೆ ಇರುತ್ತದೆಯೇ? ಡೊಂಬಿವಲಿಯ ಮನೆಗೆ ಬಂದು ಗಂಡ ಜಯಶೀಲರ ಮುಂದೆ ಕೂಗಾಡುತ್ತಿದ್ದೆ: "ಇದು ಪಕ್ಷಪಾತ ಅಲ್ದೆ ಮತ್ತೆಂತ? ಜನರ ದುಡ್ಡಲ್ಲಿ ನಡೆಯುವ ರೇಡಿಯೋ ಇದು!"

ನಿನ್ನೆ ಮಾನಸಿಯ ಗಂಟಲು ಕಟ್ಟಿತು. "ಅಯ್ಯೋ ಪಾಪ" ಎಂದೆ, ಒಳಗೊಳಗೇ ಕುಣಿದೆ. ಎರಡೂ ಹಾಳೆ ನನಗೇ ಬಂದವು. ನಾಯಕರ ಭಾಷಣವನ್ನು ಅವಳಿಗಿಂತ ನಿಧಾನವಾಗಿ, ಅವಳಿಗಿಂತ ಇಂಪಾಗಿ ಓದಿದೆ. ಮನೆಯಲ್ಲಿ ಮಲಗಿ ಕೇಳಲಿ, ಅವಳೂ ಸ್ವಲ್ಪ ಉರಿದುಕೊಳ್ಳಲಿ! ಕೊನೆಯ ಹಾಳೆ ಮುಟ್ಟುವ ಮೊದಲೇ ಸಂಪಾದಕರು ಕೈ ಮಾಡಿದರು.

ಮನೆಗೆ ಬಂದಾಗ ಜಯಶೀಲರು ಕಲ್ಯಾಣದ ಹೋಟೆಲಿನ ಕೆಲಸ ಮುಗಿಸಿ ಆಗಲೇ ಬಂದು ಕಾಲು ನೀವಿಕೊಳ್ಳುತ್ತಿದ್ದರು.

"ವಿರೋಧ ಪಕ್ಷದವರ ಸಭೆಗೆ ಇವತ್ತು ಎಂತ ಜನ ಮಾರಾಯ್ತಿ! ರಿಕ್ಷಾ ಹೋಗ್ಲಿಕ್ಕೂ ಜಾಗ ಇಲ್ಲ, ಸ್ಟೇಷನ್ನಿಗೆ ನಡೆದೇ ಬಂದೆ. ನೀನು ಓದಿದ ವಾರ್ತೆಯಲ್ಲಿ ಅದರ ಸುದ್ದಿಯೇ ಇಲ್ವಲ್ಲ?"

"ಅದು ಬಿಡಿ," ಎಂದೆ. "ಮಾನಸಿಗಿಂತ ನಾನೇ ಚೆಂದ ಓದಿದ್ದು ಅಲ್ವಾ?"